ನಿಮ್ಮ ಮಾವನಿಗೆ ಕಿವಿ ಕೇಳಿಸುತ್ತದೆಯೇ?

ಹುಬ್ಬಳ್ಳಿಯಲ್ಲಿ ಡಾಕ್ಟರಿಕೆ ಓದುತ್ತಿದ್ದಾಗ, ನಾಲ್ಕನೇ ವರ್ಷದಲ್ಲಿ ನನಗೊಂದು ಹುಚ್ಚು ಹಿಡಿದಿತ್ತು. ಸಮುದ್ರದಾಳಕ್ಕೆ ಮುಳುಗಿ ಕೆಲಸ ಮಾಡುವವರ ಕಾಯಿಲೆಗಳನ್ನು ಕಲಿಯಬೇಕು, ಅದೂ ಪರದೇಶಕ್ಕೆ ಹೋಗಿ. ನಮ್ಮ ಪುಸ್ತಕದಲ್ಲಿ ಆ ವಿಷಯಕ್ಕೆ ಇದ್ದದ್ದು ಅರ್ಧ ಪುಟ, ಪರೀಕ್ಷೆಗೆ ಎಂದೂ ಬಾರದ ಅರ್ಧ ಪುಟ. ಬಾರದು ಎಂಬ ಕಾರಣಕ್ಕೇ ಇರಬೇಕು, ನಾನು ಅದನ್ನು ಹತ್ತು ಸಲ ಓದಿದ್ದೆ. ಆಳಕ್ಕೆ ಹೋದಂತೆ ನೀರಿನ ಭಾರ ಕಿವಿಯ ತಮಟೆಯನ್ನು ಒಳಗೆ ತಳ್ಳುತ್ತದಂತೆ. ಅವಸರದಲ್ಲಿ ಮೇಲೆ ಬಂದವನ ರಕ್ತದಲ್ಲಿ ಗುಳ್ಳೆ ಏಳುತ್ತದಂತೆ. ಇದನ್ನೆಲ್ಲ ಮೊದಲು ಯಾರು ಕಂಡುಕೊಂಡರು, ಯಾರ ಮೈಮೇಲೆ ಕಂಡುಕೊಂಡರು ಎಂಬ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ರಜೆಯಲ್ಲಿ ಆರು ವಾರ ಹೋಗಿಬರಲು ಕಾಲೇಜಿನವರ ಅಡ್ಡಿಯಿರಲಿಲ್ಲ. ಆದರೆ ಅಲ್ಲಿಯ ವೈದ್ಯರ ಒಪ್ಪಿಗೆ ಪತ್ರ ಮೊದಲು ಕೈಗೆ ಬರಬೇಕಿತ್ತು. ದೀಪಾವಳಿಗೆ ಕುಮಟಾಕ್ಕೆ ಬಂದವಳು ಸೈಬರ್ ಕೆಫೆಯಲ್ಲಿ ಕೂತು ಏಳೆಂಟು ಮಂದಿಗೆ ಇಮೇಲ್ ಬರೆದೆ. ಉತ್ತರ ಬಂದದ್ದು ಒಬ್ಬರಿಂದ, ಆಸ್ಟ್ರೇಲಿಯಾದ ಒಬ್ಬ ವೈದ್ಯೆಯಿಂದ. ನಿಮ್ಮ ಊರಲ್ಲಿ ಮುಳುಗುವವರು ಇದ್ದಾರೆಯೇ, ಅವರ ಬಗ್ಗೆ ನಿಮಗೆ ಏನು ಗೊತ್ತು ಎಂದು ಕೇಳಿದ್ದರು.

ಅಪ್ಪ ನಕ್ಕರು. "ಹಿತ್ತಲ ಗಿಡ ಮದ್ದಲ್ಲ ಅಂದ ಹಾಗಾಯ್ತು. ನಿನ್ನ ಮಾವ ಮತ್ತೆಂತ ಮಾಡ್ತಾನೆ?"

ಹೌದಲ್ಲ! ಭಟ್ಕಳದ ಕಡೆ ಕಡಲ ದಂಡೆಯಲ್ಲಿ ಅಮ್ಮನ, ಅಂದರೆ ನಮ್ಮ ಆಯಿಯ, ತವರು. ಅಲ್ಲಿ ಮಾವ ಬಂಡೆಗಳ ಬುಡಕ್ಕೆ ಮುಳುಗಿ ಉಳಿಯಿಂದ ನೀಲಿಕಲ್ಲು ಎಂಬ ಚಿಪ್ಪಿಮೀನು ಎಬ್ಬಿಸಿ ತರುತ್ತಾನೆ. ಆ ಚಿಪ್ಪಿನ ಸುಕ್ಕಾ ತಿಂದೇ ನಾನು ಬೆಳೆದದ್ದು. ಕೂಡಲೇ ಎರಡು ಪುಟ ಬರೆದೆ. ಕೊಬ್ಬರಿ ಎಣ್ಣೆಯಲ್ಲಿ ಅದ್ದಿದ ಹತ್ತಿಯನ್ನು ಮೇಣ ಸೇರಿಸಿ ಕಿವಿಗೆ ಗಿಡಿದುಕೊಂಡು ಮಾವ ನೀರಿಗಿಳಿಯುವುದನ್ನು ಸಣ್ಣಂದಿನಲ್ಲಿ ನೋಡಿದ್ದೆ. ಅದನ್ನು ನಮ್ಮ ಹಿರಿಯರ ಜಾಣ್ಮೆ ಎಂದು ವರ್ಣಿಸಿ ಜಂಭ ಕೊಚ್ಚಿಕೊಂಡೆ.

ಉತ್ತರ ಮೂರೇ ಸಾಲು. ಮುಳುಗುವವರು ಕಿವಿಗೆ ಎಂದೂ ಏನನ್ನೂ ಗಿಡಿಯಬಾರದು, ಹಿಂದೆ ಸಿಕ್ಕಿಬಿದ್ದ ಗಾಳಿಯಿಂದ ತಮಟೆಗೆ ಪೆಟ್ಟು ಬೀಳುತ್ತದೆ. ನಿಮ್ಮ ಮಾವನಿಗೆ ಕಿವಿ ಕೇಳಿಸುತ್ತದೆಯೇ? ಪರೀಕ್ಷೆ ಮಾಡಿ ಬರೆಯಿರಿ, ಆಮೇಲೆ ನಿಮ್ಮ ವಿಷಯ ತೀರ್ಮಾನಿಸುತ್ತೇನೆ. ಇಂಗು ತಿಂದ ಮಂಗನ ಹಾಗೆ ಕಂಪ್ಯೂಟರಿನ ಮುಂದೆ ಕೂತಿದ್ದೆ. ಮಾವನಿಗೆ ಕಿವಿ ಕೇಳಿಸುತ್ತದೋ ಇಲ್ಲವೋ ನನಗೆ ನಿಜಕ್ಕೂ ಗೊತ್ತಿರಲಿಲ್ಲ.

ಮುಂದಿನ ಸಲ ಊರಿಗೆ ಬರುವಾಗ ಹಾಸ್ಟೆಲಿನ ಗೆಳತಿಯ ಟ್ಯೂನಿಂಗ್ ಫೋರ್ಕ್ ತಂದೆ. ಬಡಿದರೆ ಗುಂಯ್‌ಗುಡುವ, ಎರಡು ಕವಲಿನ ಲೋಹದ ತುಂಡು ಅದು. ಆಯಿ ತಾನೂ ಬರುತ್ತೇನೆಂದು ಹೊರಟಳು. ನಮ್ಮ ಆಯಿಯ ದನಿಯ ಬಗ್ಗೆ ಇಲ್ಲಿ ಹೇಳಬೇಕು. ಅವಳು ಮಾತಾಡಿದರೆ ಓಣಿಯ ಆಚೆ ತುದಿಗೆ ಕೇಳುತ್ತಿತ್ತು. ಅಪ್ಪನ ಕಡೆಯವರು ಎರಡು ತಲೆಮಾರಿನಿಂದ ನೌಕರಿ ಜನ, ಮೆತ್ತಗೆ ಮಾತಾಡುವವರು. "ನಿಮ್ಮ ಆಯಿಗೆ ಫೋನ್ ಎಂತಕ್ಕೆ, ಕಿಟಕಿ ತೆಗೆದ್ರೆ ಸಾಕು, ಹುಬ್ಬಳ್ಳಿಗೆ ಕೇಳ್ತದೆ" ಎಂದು ಅತ್ತೆ ಆಡಿಕೊಳ್ಳುತ್ತಿದ್ದರು. ನಾನೇನು ಕಡಿಮೆಯೇ? ಹಾಸ್ಟೆಲಿಗೆ ಅವಳ ಫೋನ್ ಬಂದರೆ ರಿಸೀವರನ್ನು ಮಾರು ದೂರ ಹಿಡಿದು ಗೆಳತಿಯರ ಜೊತೆ ನಗುತ್ತಿದ್ದೆ. ಹೊನ್ನಾವರದಲ್ಲಿ ಬಸ್ಸು ನಿಂತಾಗ ಅವಳು ಕಿಟಕಿಯಿಂದಲೇ ಶೇಂಗಾದವನನ್ನು ಕೂಗಿದ್ದಕ್ಕೆ ಇಡೀ ಬಸ್ಸು ತಿರುಗಿ ನೋಡಿತು. ನಾನು ಮೊಣಕೈಯಿಂದ ತಿವಿದೆ.

ತವರಿನ ಕೇರಿಯಲ್ಲಿ ಮಾತ್ರ ಅವಳ ದನಿ ಗೊತ್ತೇ ಆಗುತ್ತಿರಲಿಲ್ಲ. ಅಲ್ಲಿ ಎಲ್ಲರೂ ಕೂಗುವವರೇ. ಗಂಡಸರು ಕೂಗುತ್ತಿದ್ದರು, ಅವರಿಗೆ ಉತ್ತರ ಕೊಡುವ ಹೆಂಗಸರು ಇನ್ನೂ ಜೋರು. ಜಗಳಗಂಟರ ಕೇರಿ ಎಂದು ನಾವು ಕುಮಟಾದಲ್ಲಿ ನಗುತ್ತಿದ್ದದ್ದು ಇದನ್ನೇ.

ಅಂಗಳದಲ್ಲಿ ಮಾವನನ್ನು ಕೂರಿಸಿ, ಫೋರ್ಕ್ ಬಡಿದು ಎಡಗಿವಿಯ ಹತ್ತಿರ ಹಿಡಿದೆ.

"ಕೇಳ್ತಾ ಮಾವಾ?"

"ಎಂತ ಕೇಳುದು?"

ಮತ್ತೆ ಬಡಿದು, ಅದರ ಬುಡವನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿದೆ. ಮಾವ ಕಣ್ಣರಳಿಸಿದ. "ಹೋ! ಈಗ ಬಂತು! ತಲೆ ಒಳಗೇ ಗುಂಯ್ ಅಂತದೆ. ಇನ್ನೊಂದ್ ಸಲ ಮಾಡು ಮಗಾ."

ಗಾಳಿಯಲ್ಲಿ ಕೇಳದ್ದು ಎಲುಬಿನಲ್ಲಿ ಕೇಳುತ್ತದೆ ಎಂದರೆ ಕೆಟ್ಟಿರುವುದು ತಮಟೆಯ ಕಡೆ. ಬಲಗಿವಿ ಪರವಾಗಿರಲಿಲ್ಲ. ಸುದ್ದಿ ಹಬ್ಬಿ, ಮಾವನ ಜೊತೆ ಮುಳುಗುವ ಇನ್ನೂ ನಾಲ್ವರು ಬಂದು ಸಾಲಾಗಿ ಕೂತರು. ನಾಲ್ವರಿಗೂ ಒಂದಲ್ಲ ಒಂದು ಕಿವಿ ಮಂದ. ಒಬ್ಬರಿಗೆ ಎರಡೂ. ನನ್ನ ವಹಿಯ ಪುಟ ತುಂಬಿತು. ಸತ್ಯ ಹೇಳಬೇಕೆಂದರೆ ನನಗೆ ಆಗ ಖುಷಿಯೇ ಆಗಿತ್ತು. ಇಂಥ ಪತ್ರ ಓದಿದ ಮೇಲೆ ಯಾವ ವೈದ್ಯೆ ನನ್ನನ್ನು ಬೇಡ ಎಂದಾಳು ಎಂದು ಮನಸ್ಸು ಹಾರುತ್ತಿತ್ತು.

ಹತ್ತಿಯ ಬಗ್ಗೆ ವೈದ್ಯೆ ಬರೆದದ್ದನ್ನು ಹೇಳಿದೆ. ಮಾವ ಹತ್ತಿಯ ಡಬ್ಬಿಯನ್ನು ಕೈಯಲ್ಲಿ ತಿರುಗಿಸುತ್ತಿದ್ದ. "ಹಾಂಗಾರೆ ಇದ್ರಿಂದ್ಲೇ ಹೋದ್ದಾ ಕಿವಿ?"

"ಇದ್ರಿಂದ್ಲೂ ಇರ್ಬಹುದು ಮಾವಾ. ಬಲಗಿವಿ ಚಲೋ ಅದೆ. ಇನ್ನು ಹತ್ತಿ ಹಾಕ್ಬೇಡ. ಹುಬ್ಬಳ್ಳಿಗೆ ಬಂದು ಡಾಕ್ಟರಿಗೆ ತೋರಿಸೋತನಕ ನೀರಿಗೂ ಇಳೀಬೇಡ."

"ನನ್ನಪ್ಪ ಕಲಿಸಿದ್ದು ಇದು," ಎಂದ. ನನ್ನ ಖುಷಿ ಅಲ್ಲಿಗೆ ಇಳಿಯಿತು. ದೀಪಾವಳಿಯಲ್ಲಿ ಇದೇ ಹತ್ತಿಯನ್ನು ಹೊಗಳಿ ಬರೆದವಳು ನಾನು.

ಮುಂದಿನ ಪತ್ರದಲ್ಲಿ ನನ್ನ ತಪ್ಪನ್ನೂ ಸೇರಿಸಿ ಎಲ್ಲ ಬರೆದೆ. ಇಪ್ಪತ್ತು ದಿನಕ್ಕೆ ಒಪ್ಪಿಗೆ ಬಂತು, ಜೊತೆಗೊಂದು ಪ್ರಶ್ನೆ: ಮಾವನ ತಂದೆಯೂ ಮುಳುಗುತ್ತಿದ್ದರಲ್ಲ, ಅವರ ಕಿವಿ ಹೇಗಿತ್ತು? ಅಜ್ಜ ನಾನು ತೊಟ್ಟಿಲಲ್ಲಿರುವಾಗಲೇ ತೀರಿಕೊಂಡವನು. ನಾನು ಊರಿಗೆ ಬಂದಾಗ ಆಯಿ ಅಡಿಗೆಮನೆಯಲ್ಲಿ ಅಕ್ಕಿ ಆರಿಸುತ್ತಿದ್ದಳು. ಕೇಳಿದೆ.

"ಅಪ್ಪಂಗೆ ಎಲ್ಲಿ ಕೇಳ್ತಿತ್ತು! ನಾ ಕಿವಿ ಹತ್ರ ಬಾಯಿಟ್ಟು ಕೂಗಿದ್ರೆ ಮಾತ್ರ. ಸಣ್ಣಕಿದ್ದಾಗಿಂದ ಮನೇಲಿ ಅವ್ನ ಹತ್ರ ಎಂತ ಹೇಳುದಿದ್ರೂ ನನ್ನನ್ನೇ ಕಳಿಸ್ತಿದ್ರು. ಊಟಕ್ಕೆ ಕರೆಯುದೂ ನಾನೇ. ಹಾಂಗೇ ರೂಢಿ ಆಗೋತು."

ಇಷ್ಟು ವರ್ಷ ನಾವೆಲ್ಲ ನಕ್ಕದ್ದು ಯಾವುದಕ್ಕೆ ಎಂದು ಆಗ ತಿಳಿಯಿತು. ನಾಚಿಕೆಯಿಂದ ಅವಳ ಮುಖ ನೋಡಲಾಗಲಿಲ್ಲ.

"ನಿನ್ನ ಮದುವೆ ಆದ್ಮೇಲೆ?" ಎಂದೆ.

ಆಯಿ ಮೊರ ಕೆಳಗಿಟ್ಟಳು. "ನಾ ಇಲ್ಲಿಗೆ ಬಂದ್ನಲ್ಲ. ಮತ್ತೆ ಅವ್ನ ಹತ್ರ ಯಾರೂ ಮಾತಾಡ್ಲಿಲ್ಲ."