ಮಂಜುಗಟ್ಟಿದ ಮದ್ದು ಚೆಲ್ಲಿದ ಕೋಮಲ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹೆಮ್ಮಿಗೆಯ ಕೊನೇ ಬೀದಿಯಲ್ಲಿ, ಗಾರೆ ಕೆಲಸದ ಚಿಕ್ಕಮಾದು ಅವರ ಮನೆ ಮುಂದೆ ಕೋಮಲ ಸೆರಗು ಬಿಗಿಹಿಡಿದು ನಿಂತಿದ್ದಾರೆ. ಬಾಗಿಲು ಬಡಿಯುವುದಿಲ್ಲ. ಒಳಗಿನಿಂದ ಒಂದು ಕೆಮ್ಮೋ, ಚೊಂಬಿನ ಸದ್ದೋ ಕೇಳಿಸಲಿ ಎಂದು ಕಿವಿಗೊಟ್ಟು ಕಾಯುತ್ತಾರೆ. ನಿನ್ನೆ ಸಂಜೆ ಈ ಮನೆಯ ಯಜಮಾನನಿಗೆ ಸೂಜಿ ಚುಚ್ಚಿ ಹೋದವರು ಇವರೇ. ಚುಚ್ಚಿದ ದಿನ ನಿದ್ದೆ ಎಲ್ಲಿಂದ ಬರಬೇಕು!

ಅಂಗಳಕ್ಕೆ ನೀರು ಹಾಕಲು ಬಂದ ಚಿಕ್ಕಮಾದು ಅವರ ಹೆಂಡತಿ ಮುದ್ದಮ್ಮ, ಇವರು ಕೇಳುವ ಮೊದಲೇ ಹೇಳುತ್ತಾರೆ: “ಬೆವ್ತವ್ರೆ ಕಣಕ್ಕಾ. ಜ್ವರ ಬುಟ್ಟದೆ. ಗಂಜಿ ಬೇಕು ಅಂದ್ರು.” ಕೋಮಲ ಉಸಿರು ಬಿಡುತ್ತಾರೆ.

ನಂಜನಗೂಡು ತಾಲ್ಲೂಕಿನ ಹೆಡತಲೆಯಲ್ಲಿ ಹುಟ್ಟಿದ ಕೋಮಲ, ಹೆಮ್ಮಿಗೆ ಉಪಕೇಂದ್ರದ ಆರೋಗ್ಯ ಸಹಾಯಕಿ. ಊರವರ ಬಾಯಲ್ಲಿ ನರ್ಸಮ್ಮ. ಬಸುರಿಯರನ್ನು ನೋಡುವುದು, ಮಕ್ಕಳಿಗೆ ಲಸಿಕೆ ಹಾಕುವುದು, ಇಷ್ಟೇ ತಮ್ಮ ಕೆಲಸ ಅಂದುಕೊಂಡಿದ್ದವರು. ಹೋದ ವರ್ಷ ಚಿಕ್ಕಮಾದು ಎಡಪಕ್ಕೆಯ ಕೆಳಗೆ ಕಲ್ಲಿನಂತೆ ಊದಿದ ಹೊಟ್ಟೆ ಹಿಡಿದುಕೊಂಡು ಮೈಸೂರಿಗೆ ಹೋದರು. ರಕ್ತದ ಕ್ಯಾನ್ಸರ್, ನಿಧಾನಕ್ಕೆ ಬೆಳೆಯುವ ಜಾತಿಯದು ಎಂದರು ವೈದ್ಯರು. ಇಂಟರ್‌ಫೆರಾನ್ ಎಂಬ ಮದ್ದನ್ನು ದಿನ ಬಿಟ್ಟು ದಿನ ಸಂಜೆ ಚರ್ಮದಡಿಗೆ ಚುಚ್ಚಬೇಕು. ಅಷ್ಟು ದೂರ ಓಡಾಡುವುದು ಆಗದ ಮಾತು. ತಾಲ್ಲೂಕಿನ ವೈದ್ಯಾಧಿಕಾರಿ ಒಪ್ಪಿದರು, ಸೂಜಿ ಕೋಮಲ ಅವರ ಕೈಗೆ ಬಂತು.

“ಮೊದಲ್ನೇ ಸಲ ಕೊಟ್ಟಾಗ ಮಂಚ ಅಲ್ಲಾಡೋಂಗೆ ಚಳಿಜ್ವರ ಬಂದ್ಬುಡ್ತು. ನರ್ಸಮ್ಮ ಏನೋ ಚುಚ್ಚಿ ಸಾಯಿಸ್ಬುಟ್ಳು ಅಂತ ಬೀದಿಗ್ ಬೀದಿನೇ ಸೇರ್ಕತ್ತು. ಜ್ವರ ಬತ್ತದೆ ಅಂತ ಡಾಕ್ಟ್ರು ಮೊದ್ಲೇ ಏಳಿದ್ರು. ಆದ್ರೂ ನನ್ ಎದೆ ಡವಡವ ಅಂತಿತ್ತು ಕಣ್ರೀ” ಎನ್ನುತ್ತಾರೆ ಕೋಮಲ. ಈಗ ಮೊದಲು ಜ್ವರದ ಮಾತ್ರೆ ನುಂಗಿಸಿ, ನೀರು ಕುಡಿಸಿ, ಆಮೇಲೆ ಸೂಜಿ. ಒಮ್ಮೆ ತೊಡೆ, ಒಮ್ಮೆ ಹೊಟ್ಟೆ. ಚುಚ್ಚಿದ ಜಾಗಕ್ಕೇ ಮತ್ತೆ ಚುಚ್ಚುವಂತಿಲ್ಲ. ರಕ್ತ ಪರೀಕ್ಷೆಯ ದಿನ ತಪ್ಪಿಸುವಂತಿಲ್ಲ. ಊಟ ಸೇರುತ್ತಾ, ಮನಸ್ಸು ಮಂಕಾಗಿದೆಯಾ ಎಂದು ಪ್ರತಿ ಸಲ ಕೆದಕಿ ಕೇಳುತ್ತಾರೆ. ಈ ಮದ್ದು ಕೆಲವರನ್ನು ಒಳಗೊಳಗೇ ಕುಗ್ಗಿಸುತ್ತದಂತೆ.

ಇಷ್ಟೆಲ್ಲ ಜೋಪಾನ ಮಾಡಿದರೂ ಹೋದ ಜನವರಿಯಲ್ಲಿ ಎಡವಟ್ಟಾಯಿತು. ಮದ್ದಿನ ಸೀಸೆ ಸಿಗುವುದು ಮೈಸೂರಿನಲ್ಲಿ, ಯಾರೋ ಪುಣ್ಯಾತ್ಮರ ನೆರವಿನಿಂದ. ಒಂದು ಸೀಸೆ ಹಲವು ಸಲಕ್ಕೆ ಆಗುತ್ತದೆ, ಮುಗಿದರೆ ಇನ್ನೊಂದು. ಪ್ರತಿ ಸಲ ಹೋಗಿ ತರುತ್ತಿದ್ದ ಕೋಮಲ ಪೋಲಿಯೋ ಭಾನುವಾರದ ಓಡಾಟದಲ್ಲಿದ್ದರು. ಮುದ್ದಮ್ಮ ತಾವೇ ಹೊರಟರು. ನರ್ಸಮ್ಮ ಪೋಲಿಯೋ ಸೀಸೆಗಳನ್ನು ಐಸಿನ ನಡುವೆ ಹುದುಗಿಸುವುದನ್ನು ಎಷ್ಟು ಸಲ ನೋಡಿಲ್ಲ ಅವರು! ಸೀಸೆ ಪಡೆದು ವಾಪಸ್ ಬರುವಾಗ ನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ಇಳಿದವರೇ ಐಸ್‌ಕ್ಯಾಂಡಿ ಅಂಗಡಿಯಲ್ಲಿ ಟಿಫನ್ ಕ್ಯಾರಿಯರ್ ತುಂಬ ಐಸು ಹಾಕಿಸಿಕೊಂಡರು. ಇನ್ನಷ್ಟು ತಣ್ಣಗಾಗಲಿ ಎಂದು ಅಂಗಡಿಯವನು ಹಿಡಿ ಉಪ್ಪನ್ನೂ ಸುರಿದ. ಸೀಸೆ ಅದರೊಳಗೆ ಕೂತು ಊರಿಗೆ ಬಂತು.

“ನಿಮ್ಮಂಗೇ ತಂದಿವ್ನಿ ಕಣಕ್ಕಾ, ಒಂಚೂರೂ ಬಿಸಿ ಸೋಕಿಲ್ಲ” ಎಂದು ಮುದ್ದಮ್ಮ ಹೆಮ್ಮೆಯಿಂದಲೇ ಮುಚ್ಚಳ ತೆಗೆದರು. ಸೀಸೆಯೊಳಗೆ ಬಿಳಿ ಗಡ್ಡೆ. ಕೋಮಲ ಅದನ್ನು ಬೆಳಕಿಗೆ ಹಿಡಿದು ನೋಡಿದರು. ಪೋಲಿಯೋ ಹನಿ ಮಂಜುಗಟ್ಟಿದರೆ ಕೆಡುವುದಿಲ್ಲ. ಈ ಮದ್ದು ತಂಪಾಗಿರಬೇಕು, ಆದರೆ ಮಂಜುಗಟ್ಟಿದರೆ ಮುಗಿಯಿತು. ಆ ಮಾತನ್ನು ಮುದ್ದಮ್ಮನಿಗೆ ಯಾರೂ ಹೇಳಿರಲಿಲ್ಲ.

ನೋಡನೋಡುತ್ತಲೇ ಗಡ್ಡೆ ಕರಗಿ ತಿಳಿನೀರಾಯಿತು. “ಕರಗ್ತಲ್ಲ, ಕೊಟ್ಬುಡಿ” ಎಂದು ಮುದ್ದಮ್ಮ ಕೈ ಹಿಡಿದುಕೊಂಡರು. “ಕೆಡಿಸ್ಬುಟ್ಟೊ ಅಂದ್ರೆ ಇನ್ನೊಂದ್ ಕೊಟ್ಟಾರಾ? ನಾನ್ ಮಾಡಿದ್ ತಪ್ಪಿಗೆ ಅವ್ರ್ ಪ್ರಾಣ ಓಗ್ಬೇಕಾ?”

ಅದೇ ಭಯ ಕೋಮಲ ಅವರಿಗೂ ಇತ್ತು. ಇವರು ಬೇಜವಾಬ್ದಾರಿ ಜನ ಎಂದು ಆಸ್ಪತ್ರೆಯವರು ಮದ್ದು ನಿಲ್ಲಿಸಿದರೆ? ಕೆಟ್ಟದ್ದನ್ನು ಚುಚ್ಚಿ ಸುಮ್ಮನಾದರೆ ಕೇಳುವವರು ಯಾರೂ ಇಲ್ಲ. ಮೈಯೊಳಗೆ ಕಾಯಿಲೆ ಮಾತ್ರ ಸದ್ದಿಲ್ಲದೆ ಏರುತ್ತದೆ. ಸೀಸೆ ಬಿಟ್ಟು ಹೋದರೆ ಮುದ್ದಮ್ಮ ಬೇರೆ ಯಾರ ಕೈಯಲ್ಲಾದರೂ ಚುಚ್ಚಿಸಿಬಿಡುತ್ತಾರೆ. ಕೋಮಲ ಬಿರಡೆ ಕಿತ್ತು ಮದ್ದನ್ನು ಬಚ್ಚಲಿಗೆ ಸುರಿದರು. ಮುದ್ದಮ್ಮ ತಲೆ ಚಚ್ಚಿಕೊಂಡು ಕುಸಿದು ಕೂತರು. ಮಂಚದ ಮೇಲಿದ್ದ ಚಿಕ್ಕಮಾದು ಇಷ್ಟೇ ಕೇಳಿದರು: “ಅಂಗಾರೆ ನಂಗೆ ಈವತ್ತು ಇಲ್ವಾ ಸಿಸ್ಟರ್ರೇ?”

ಮಾರನೇ ದಿನದ ಮೊದಲ ಬಸ್ಸಿನಲ್ಲಿ ಇಬ್ಬರು ಹೆಂಗಸರೂ ಒಂದೇ ಸೀಟಿನಲ್ಲಿ ಕೂತು ಮೈಸೂರಿಗೆ ಹೋದರು. ಆಸ್ಪತ್ರೆಯಲ್ಲಿ ಕೋಮಲ ನಡೆದದ್ದನ್ನೆಲ್ಲ ಒಪ್ಪಿಸಿದರು. ವೈದ್ಯರು ಬೈಯಲಿಲ್ಲ. ಚೆಲ್ಲಿದ್ದೇ ಸರಿ, ಒಂದು ದಿನ ತಡವಾದರೆ ಮುಳುಗಿ ಹೋಗುವುದಿಲ್ಲ ಎಂದು ಇನ್ನೊಂದು ಸೀಸೆ ಕೊಡಿಸಿದರು. ಬರುವಾಗ ಅದನ್ನು ಬಟ್ಟೆಯಲ್ಲಿ ಸುತ್ತಿ, ಲಸಿಕೆ ಡಬ್ಬಿಯಲ್ಲಿ ಐಸು ತಾಗದಂತೆ ಇಟ್ಟರು. ಮುದ್ದಮ್ಮ ನರಸೀಪುರ ಬರುವವರೆಗೂ ಡಬ್ಬಿಯನ್ನು ತೊಡೆಯಿಂದ ಇಳಿಸಲಿಲ್ಲ. ಇಳಿಯುವಾಗ ಹೇಳಿದರು: “ನೀವ್ ಸುರೀದೆ ಇದ್ದಿದ್ರೆ ನಾನೇ ಚುಚ್ಚಿಸ್ಬುಡ್ತಿದ್ದೆ ಕಣಕ್ಕಾ.”

ಈಗ ಬಿಳಿ ರಕ್ತಕಣಗಳು ಇಳಿಯುತ್ತಿವೆ, ಹೊಟ್ಟೆಯ ಊತವೂ ತಗ್ಗಿದೆ. ಚಿಕ್ಕಮಾದು ಆಗೀಗ ಕರಣೆ ಹಿಡಿದು ಗಾರೆ ಕೆಲಸಕ್ಕೆ ಹೋಗುತ್ತಾರೆ. ಆದರೆ ಮುಂದೇನು ಎಂದು ವೈದ್ಯರೂ ಖಚಿತವಾಗಿ ಹೇಳುವುದಿಲ್ಲ, ಕೋಮಲ ಕೇಳುವುದೂ ಇಲ್ಲ. ಅವರ ಚೀಲ ಕಂಡರೆ ಸಾಕು, ಚಿಕ್ಕಮಾದು ಅವರ ಪುಟ್ಟ ಮಗಳು ಕವನ ಹಿತ್ತಲಿಗೆ ಓಡಿಹೋಗುತ್ತಾಳೆ.

ನಿಮಗೇನು ಆಸೆ ಎಂದು ಕೇಳಿದರೆ ಕೋಮಲ ಹಿತ್ತಲ ಕಡೆ ನೋಡುತ್ತಾರೆ.

“ಆ ಮಗಾ ನನ್ ಕಂಡ್ರೆ ಎದ್ರುಕತದೆ, ಅವ್ರಪ್ಪಂಗೆ ನೋವು ಮಾಡೋಳು ಅಂತ. ಎದ್ರುಕೊಳ್ಳಲಿ ಬುಡಿ. ದೊಡ್ಡವ್ಳಾಗಿ ಈ ಭಯವೆಲ್ಲ ಮರ್ಯೋಗಂಟ ಅವ್ರಪ್ಪ ಇರ್ಬೇಕು, ಅಷ್ಟೇಯ.”