ಕಾರ್ಬ್ಯುರೇಟರ್ ಬದಲಿಸಿ ಸಿರುಮುಗೈಗೆ ಹೋದದ್ದು

ಆ ಮೋಟರ್‌ಸೈಕಲ್ಲು ನನಗಿಂತ ಮೊದಲೇ ಆ ಮನೆಗೆ ಬಂದದ್ದು. ನಾನು ಕೊಳ್ಳೇಗಾಲದಿಂದ ಕೊಯಮತ್ತೂರಿನ ಬಳಿಯ ಸೋಮನೂರಿಗೆ ಸೊಸೆಯಾಗಿ ಬಂದಾಗ ಅದು ಮಗ್ಗದ ಶೆಡ್ಡಿಗೆ ತಾಗಿದ ಸಾರ್ಪಿನ ಇಳಿಮಾಡಿನಡಿ ನಿಂತಿತ್ತು. ಎರಡು ಸಿಲಿಂಡರಿನ ಹಳೆಯ ಬಂಡಿ. ಮದುವೆಯಾದ ಹೊಸದರಲ್ಲಿ ನಮ್ಮ ಯಜಮಾನರು ಅದನ್ನು ಸ್ಟಾರ್ಟ್ ಮಾಡಿ, ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ನಾನು ಬಾಗಿಲಲ್ಲಿ ನಿಂತು ನಗುತ್ತಿದ್ದೆ.

"ನಗಬೇಡ. ಒಂದೊಂದು ಸಿಲಿಂಡರಿಗೂ ಒಂದೊಂದು ಕಾರ್ಬ್ಯುರೇಟರು. ಅದು ಪೆಟ್ರೋಲೂ ಗಾಳೀನೂ ಬೆರಸಿ ಊಟ ಹಾಕೋದು. ಎರಡಕ್ಕೂ ಸಮ ಹಾಕಿದ್ರೆ ವಂಡಿ ನಲ್ಲಾ ಓಡ್ತದೆ. ಒಂದಕ್ಕೆ ಕೊಂಜ ಕಡಮೆ ಆದ್ರೂ ಕುಂಟ್ತದೆ. ಕೇಳು, ಎಡಗಡೇದು ಕುಂಟ್ತಾ ಇದೆ," ಎನ್ನುತ್ತಿದ್ದರು.

ನನಗೆ ಎರಡೂ ಒಂದೇ ಥರ ಕೇಳಿಸುತ್ತಿತ್ತು. ಅವರ ಕಿವಿ ಅಂಥದ್ದು. ಊಟಕ್ಕೆ ಕೂತವರು ತುತ್ತು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ, "ಮೂಲೆ ತರೀಲಿ ನಾಡಾ ಸರಿಯಾಗಿ ಹೋಗ್ತಾ ಇಲ್ಲ," ಎಂದು ಎದ್ದುಹೋಗುತ್ತಿದ್ದರು. ತರಿ ಎಂದರೆ ಇಲ್ಲಿನವರ ಬಾಯಲ್ಲಿ ಮಗ್ಗ, ನಾಡಾ ಎಂದರೆ ಲಾಳಿ. ಶೆಡ್ಡಿನ ತುಂಬ ಪವರ್‌ಲೂಮುಗಳು ಒಟ್ಟಿಗೆ ಬಡಿದುಕೊಳ್ಳುವಾಗ ಅದರಲ್ಲಿ ಒಂದರ ತಪ್ಪು ಅವರಿಗೆ ಹೇಗೆ ಕೇಳುತ್ತಿತ್ತೋ, ನನಗೆ ಕೊನೆಗೂ ತಿಳಿಯಲಿಲ್ಲ.

ಆ ಶಬ್ದವೇ ಅವರ ಕಿವಿಯನ್ನು ತಿಂದಿತು. ಒಂದೇ ದಿನ ಆದದ್ದಲ್ಲ. ಮೊದಲು ಹಕ್ಕಿಗಳ ದನಿ ಹೋಯಿತು, ಆಮೇಲೆ ಹೆಂಗಸರ ಮಾತು, ಆಮೇಲೆ ಫೋನು. ಕೊಯಮತ್ತೂರಿನ ಕಿವಿ ಡಾಕ್ಟರು ಒಳಗಿನ ನರ ಸತ್ತಿದೆ ಎಂದರು. ಕಿವಿಗೆ ಮೆಶೀನು ಹಾಕಿಸಿದೆವು. ಯಾರಾದರೂ ಮಾತಾಡಿದರೆ ತಗಡು ಬಡಿದ ಹಾಗೆ ಕೇಳುತ್ತದೆ, ಒಂದು ಪದವೂ ಬಿಡಿಸಿ ತಿಳಿಯುವುದಿಲ್ಲ ಎಂದು ಅದನ್ನು ತೆಗೆದಿಟ್ಟರು.

ಹೋಗಲಿ, ಬರೆದಾದರೂ ತೋರಿಸೋಣವೆಂದರೆ ಅದೂ ಆಗಲಿಲ್ಲ. ಅವರ ಮನೆಮಾತು ಕನ್ನಡ, ಆದರೆ ಓದಿದ್ದು ತಮಿಳು. ಕನ್ನಡದ ಒಂದಕ್ಷರವೂ ಅವರಿಗೆ ಬಾರದು. ನಾನು ಓದಿದ್ದು ಕನ್ನಡ. ತಮಿಳನ್ನು ಬೀದಿಯಲ್ಲಿ, ಅಂಗಡಿಯಲ್ಲಿ ಬಾಯಿಂದ ಕಲಿತವಳು. ಒಂದೇ ಮನೆಯಲ್ಲಿ ಒಂದೇ ಭಾಷೆ ಆಡಿಕೊಂಡು ಬಾಳಿದವರು ಒಂದು ಚೀಟಿ ಬರೆದುಕೊಳ್ಳಲಾರದೆ ಹೋದೆವು. ತಿರುಪ್ಪೂರಿನಲ್ಲಿರುವ ಮಗಳು ಮೊಬೈಲಿಗೆ ತಮಿಳಿನಲ್ಲಿ ಬರೆದು ಕಳಿಸಿದರೆ ಓದಿಕೊಳ್ಳುತ್ತಿದ್ದರು. ನನ್ನ ಪಾಲಿಗೆ ಉಳಿದದ್ದು ಕೈಸನ್ನೆ, ತುಟಿ, ಹೆಗಲು ತಟ್ಟುವುದು.

ಹೋದ ವರ್ಷ ಮಗ್ಗಗಳನ್ನು ಹಳೆ ಕಬ್ಬಿಣಕ್ಕೆ ಕೊಟ್ಟೆವು. ಸುತ್ತ ಹೊಸ ಮಗ್ಗಗಳು ಬಂದಿದ್ದವು, ನಮ್ಮವಕ್ಕೆ ಬಿಡಿಭಾಗಗಳೇ ಸಿಗುತ್ತಿರಲಿಲ್ಲ, ಇಬ್ಬರಿಗೂ ಮಂಡಿ ನೋವು. ಲಾರಿ ಹೋದ ಮೇಲೆ ನಾನು ಅಡುಗೆಮನೆಗೆ ಬಂದು ನಿಂತೆ. ಆ ಮನೆಗೆ ಬಂದಮೇಲೆ ಮೊದಲ ಸಲ ಒಲೆಯ ಮೇಲೆ ಅನ್ನ ಕುದಿಯುವುದು ಕೇಳಿಸಿತು. ಏಕೋ ಹೆದರಿಕೆಯಾಗಿ ಹೊರಗೆ ಬಂದೆ. ಅವರು ಖಾಲಿ ಶೆಡ್ಡಿನಲ್ಲಿ ನೆಲ ಗುಡಿಸುತ್ತಿದ್ದರು. ಅವರ ಕಣ್ಣಿಗೆ ಮಾತ್ರ ಶೆಡ್ಡು ಬರಿದಾಗಿತ್ತು. ನನಗೆ ಕೇಳಿದ ಆ ಮೌನ ಅವರಿಗೆ ಎಷ್ಟೋ ವರ್ಷಗಳಿಂದ ಇದ್ದದ್ದೇ.

ಈ ಸುದ್ದಿಯನ್ನು ಅವರ ತಂಗಿಗೆ ಹೇಳಿರಲಿಲ್ಲ. ಆಕೆಯನ್ನು ಕೊಟ್ಟದ್ದು ಸಿರುಮುಗೈಗೆ; ಗಂಡ ಹೆಂಡತಿ ಇಬ್ಬರೂ ಕೈಮಗ್ಗದಲ್ಲಿ ರೇಷ್ಮೆ ಸೀರೆ ನೇಯುವವರು. ಸೋಮನೂರಿನ ಆ ಮಗ್ಗಗಳನ್ನು ಹಾಕಿಸಿದ್ದು ಅಣ್ಣ ತಂಗಿಯರ ಅಪ್ಪ. ಅಪ್ಪ ಹೋದ ಮೇಲೂ ತಂಗಿ ಬಂದಾಗಲೆಲ್ಲ ಮೊದಲು ಶೆಡ್ಡಿಗೆ ಹೋಗಿ ಒಂದೊಂದು ಮಗ್ಗವನ್ನೂ ಮುಟ್ಟಿ ಕಣ್ಣಿಗೆ ಒತ್ತಿಕೊಂಡೇ ಒಳಗೆ ಬರುತ್ತಿದ್ದಳು.

"ನಾನು ಫೋನಲ್ಲಿ ಹೇಳಲಾ?" ಎಂದು ಸನ್ನೆ ಮಾಡಿ ಕೇಳಿದೆ.

"ಬೇಡ. ನಾನೇ ಹೋಗಿ ಹೇಳ್ತೀನಿ."

"ಹಂಗಾದ್ರೆ ನಾಳೆ ಬಸ್ಸಿಗೆ ಹೋಗೋಣ."

ಅವರು ಬೇಡವೆಂದು ತಲೆಯಾಡಿಸಿದರು. ಬಸ್ಸಿನಲ್ಲಿ ಪಕ್ಕದವರು ಮಾತಾಡಿಸುತ್ತಾರೆ. ಏನು ಕೇಳಿದರೆಂದು ತಿಳಿಯದೆ ಹಲ್ಲು ಕಿರಿದುಕೊಂಡು ಕೂರಬೇಕು. ಬಂಡಿಯ ಮೇಲೆ ಯಾರೂ ಮಾತಾಡಿಸುವುದಿಲ್ಲ. ಇದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ. ಸೀದಾ ಸಾರ್ಪಿಗೆ ಹೋಗಿ, ಧೂಳು ಹಿಡಿದ ಆ ಹಳೆಯ ಬಂಡಿಯ ಮೇಲಿನ ಗೋಣಿ ತೆಗೆದರು.

ಬಂಡಿ ಜಪ್ಪಯ್ಯ ಅನ್ನಲಿಲ್ಲ. ಎರಡು ಕಾರ್ಬ್ಯುರೇಟರುಗಳನ್ನೂ ಬಿಚ್ಚಿ ಅಂಗಳದಲ್ಲಿ ಹಳೆ ಪಂಚೆಯ ಮೇಲೆ ಇಟ್ಟರು. ಕೆಳಗಿನ ಬಟ್ಟಲಲ್ಲಿ ನಿಂತ ಪೆಟ್ರೋಲು ಅಂಟಾಗಿ, ಅಂಚಿಗೆಲ್ಲ ಬಿಳಿ ಪುಡಿ ಕಟ್ಟಿತ್ತು. ಒಳಗೆ ಮೇಲೆ ಕೆಳಗೆ ಆಡುವ ಸ್ಲೈಡು ಸವೆದು ಹಲ್ಲು ಸಡಿಲಾದಂತೆ ಅಲುಗುತ್ತಿತ್ತು. ತೊಳೆದರು, ಊದಿದರು, ಮತ್ತೆ ಕೂಡಿಸಿದರು. ಬಂಡಿ ಒಮ್ಮೆ ಕೆಮ್ಮಿ ಸುಮ್ಮನಾಯಿತು.

ಗಾಂಧಿಪುರಂನಲ್ಲಿ ಬಸ್ಸು ಬದಲಿಸಿ ಪೆರಿಯನಾಯಕನಪಾಳ್ಯಂಗೆ ಹೋದೆವು. ಹಳೆಯ ಬಂಡಿಗಳ ಸಾಮಾನು ಇಟ್ಟುಕೊಂಡ ವರ್ಕ್‌ಶಾಪ್ ಒಂದು ಅಲ್ಲಿತ್ತು. ಅಲ್ಲಿನ ಮೆಕ್ಯಾನಿಕ್ ನಮ್ಮ ಕಾರ್ಬ್ಯುರೇಟರುಗಳನ್ನು ಬೆಳಕಿಗೆ ಹಿಡಿದು ನೋಡಿ, ಇನ್ನು ಇವು ಕೆಲಸಕ್ಕೆ ಬರುವುದಿಲ್ಲ, ಎರಡನ್ನೂ ಒಟ್ಟಿಗೇ ಬದಲಿಸಬೇಕು ಎಂದ. ಒಳಗಿನಿಂದ ಅದೇ ಬಂಡಿಗೆ ಕೂರುವ ಒಂದು ಜೊತೆ ತಂದಿಟ್ಟ. ಇಷ್ಟನ್ನೂ ಅವನು ನನ್ನ ಮುಖ ನೋಡಿಕೊಂಡೇ ಹೇಳಿದ. ಯಜಮಾನರಿಗೆ ಕಿವಿ ಕೇಳದೆಂದು ನಾನು ಹೇಳಿದ ಮೇಲೆ ಒಮ್ಮೆಯೂ ಅವರ ಕಡೆ ತಿರುಗಲಿಲ್ಲ.

"ಹಾಕೋದು ಯಾರಮ್ಮಾ? ಹಾಕಿದ್ರೂ ಟ್ಯೂನ್ ಮಾಡಬೇಕಲ್ಲ. ಅದಕ್ಕೆ ಕಿವಿ ಬೇಕು. ಬಂಡೀನ ಇಲ್ಲಿಗೇ ತಂದುಬಿಡಿ," ಎಂದ ತಮಿಳಿನಲ್ಲಿ. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ.

ಮಾತು ಕೇಳದಿದ್ದರೂ ಅದು ಏನೆಂದು ಯಜಮಾನರಿಗೆ ತಿಳಿಯಿತು. ದುಡ್ಡು ಎಣಿಸಿಕೊಟ್ಟು, ಅವನು ತಂದಿಟ್ಟ ಜೊತೆಯನ್ನು ಕೈಗೆತ್ತಿಕೊಂಡು, ಪಂಚೆಯ ತುದಿಯಿಂದ ಒರೆಸಿ, ಚೀಲಕ್ಕೆ ಹಾಕಿಕೊಂಡು ಎದ್ದರು. ವಾಪಸು ಬರುವಾಗ ದಾರಿಯುದ್ದಕ್ಕೂ ಚೀಲ ಮಡಿಲಲ್ಲೇ ಇತ್ತು.

ಮಾರನೆಯ ಬೆಳಿಗ್ಗೆ ಕೆಲಸ ಶುರುವಾಯಿತು. ಹೊಸ ಜೊತೆಯನ್ನು ಇಂಜಿನ್ನಿನ ಹಿಂದೆ ಕೂಡಿಸಿ, ಕೇಬಲುಗಳನ್ನು ಸಿಕ್ಕಿಸಿದರು. ಆಮೇಲೆ ಎರಡರ ಬಾಯೊಳಗೂ ಒಂದೊಂದು ಬೆರಳಿಟ್ಟುಕೊಂಡು, "ಆಕ್ಸಿಲರೇಟರ್ ತಿರುಗಿಸು, ಮೆಲ್ಲಗೆ," ಎಂದರು. ನಾನು ತಿರುಗಿಸಿದೆ. ಎರಡು ಸ್ಲೈಡುಗಳೂ ಒಂದೇ ಗಳಿಗೆಗೆ ಏಳುತ್ತವೆಯೋ ಇಲ್ಲವೋ ಎಂಬುದನ್ನು ಬೆರಳ ತುದಿಯಲ್ಲಿ ನೋಡುವುದು ಅದು. ಬಲಗಡೆಯದು ಹಿಂದೆ ಬೀಳುತ್ತಿತ್ತು. ಸ್ಕ್ರೂ ತಿರುಗಿಸುವರು, ಮತ್ತೆ ಬೆರಳಿಡುವರು. ಬಿಸಿಲು ಅಂಗಳಕ್ಕೆ ಬರುವ ಹೊತ್ತಿಗೆ ಅವರ ಮುಖದ ಬಿಗಿ ಸಡಿಲಿತು.

ಕಿಕ್ ಹೊಡೆದಾಗ ಬಂಡಿ ನಿಜವಾಗಿಯೂ ಎದ್ದಿತು. ನೀಲಿ ಹೊಗೆ ಸಾರ್ಪನ್ನೆಲ್ಲ ತುಂಬಿತು. ಆದರೆ ಆಕ್ಸಿಲರೇಟರ್ ಬಿಟ್ಟರೂ ಇಂಜಿನ್ನು ಇಳಿಯದೆ ಕಿರುಚುತ್ತಲೇ ಇತ್ತು. ಅವರು ಟ್ಯಾಂಕಿನ ಮೇಲೆ ಅಂಗೈ ಇಟ್ಟು, ಎಲ್ಲೋ ಗಾಳಿ ಎಳೆಯುತ್ತಿದೆ ಎಂದರು. ಎಲ್ಲಿ ಎನ್ನುವುದು ಕೈಗೆ ಸಿಗಲಿಲ್ಲ.

ನನಗೆ ಕೇಳುತ್ತಿತ್ತು. ಇಂಜಿನ್ನಿನ ಸದ್ದಿನ ಕೆಳಗೆ, ಹಾಲಿನ ಪಾತ್ರೆ ಕಾಯುವಾಗ ಬರುವಂಥ ಸಣ್ಣ ಸೀಟಿ, ಬಲಗಡೆಯಿಂದ. ಬಗ್ಗಿ ಬೆರಳು ತೋರಿಸಿದೆ. ಕಾರ್ಬ್ಯುರೇಟರು ಇಂಜಿನ್ನಿಗೆ ಸೇರುವ ಕಡೆ ಇದ್ದ ರಬ್ಬರು. ಹಳೆಯದನ್ನೇ ಹಾಕಿದ್ದರು. ಅದರ ಮೇಲೆ ಒಂದು ಹನಿ ಎಣ್ಣೆ ಬಿಟ್ಟರು. ಸೀಟಿ ನಿಂತಿತು, ಇಂಜಿನ್ನು ತಟ್ಟನೆ ಇಳಿಯಿತು. ರಬ್ಬರನ್ನು ಬಿಚ್ಚಿ ಮಡಿಸಿ ನೋಡಿದರೆ ಕೂದಲೆಳೆಯಷ್ಟು ಸೀಳು. ಅವರು ನನ್ನನ್ನೊಮ್ಮೆ ನೋಡಿ ಕೈ ಒರೆಸಿಕೊಂಡರು. ಹೊಸ ರಬ್ಬರು ತರಲು ಹೋದರು.

ರಬ್ಬರು ಹಾಕಿದ ಮೇಲೆ ಕೊನೆಯ ಕೆಲಸ, ಎರಡನ್ನೂ ಸಮ ಮಾಡುವುದು. ಅವರು ಹಿಂದೆ ಕೂತು ಎರಡು ಸೈಲೆನ್ಸರುಗಳ ಬಾಯಿಗೆ ಒಂದೊಂದು ಅಂಗೈ ಹಿಡಿದರು. ಹೊಡೆತ ಕೈಗೆ ತಿಳಿಯುತ್ತಿತ್ತು, ಆದರೆ ಕೈ ಬೇಗ ಬಿಸಿಯಾಗಿ ಮರಗಟ್ಟುತ್ತಿತ್ತು. ಸ್ಕ್ರೂ ತಿರುಗಿಸಲು ಮುಂದೆ ಬಂದರೆ ಹಿಂದಿನದು ತಿಳಿಯುತ್ತಿರಲಿಲ್ಲ.

"ನೀನು ಕೇಳಿ ಹೇಳು. ಯಾವ ಪಕ್ಕ ಕುಂಟ್ತದೆ?" ಎಂದರು.

ಎಡ ಎಂದು ಅವರ ಎಡ ಹೆಗಲು ತಟ್ಟಿದೆ. ತಿರುಗಿಸಿದರು. ಇನ್ನೂ ಕೆಟ್ಟಿತು. ಬಲ ಎಂದೆ. ಇಂಜಿನ್ನು ಆರಿಹೋಯಿತು.

"ಸರಿಯಾ ಕೇಳಿ ಹೇಳೇ! ಕಿವಿ ಇಲ್ವಾ ನಿಂಗೆ?"

ತಮ್ಮ ದನಿ ಎಷ್ಟು ದೊಡ್ಡದೆಂದು ಅವರಿಗೆ ತಿಳಿಯುವುದಿಲ್ಲ. ಬೀದಿಯಲ್ಲಿ ಹೋಗುತ್ತಿದ್ದವರು ನಿಂತು ನೋಡಿದರು. ನನಗೆ ಅಳು, ಸಿಟ್ಟು ಎರಡೂ ಬಂತು. "ಇದ್ರೆ ಏನು ಮಾಡ್ಲಿ? ಈ ಕಿವೀಲಿ ನಿಮ್ಮ ಬೈಗುಳ ಕೇಳೋದೇ ಆಯ್ತು!" ಎಂದು ಕೂಗಿ ಒಳಗೆ ಹೋಗಲು ತಿರುಗಿದೆ. ಕೂಗಿದ್ದು ಅವರಿಗೆ ಕೇಳಲಿಲ್ಲ. ತುಟಿ ಅಲುಗಿದ್ದು ಕಂಡಿರಬೇಕು.

"ಇರು," ಎಂದರು. ಸ್ಕ್ರೂಡ್ರೈವರು ಕೆಳಗಿಟ್ಟು, ಕಲ್ಲಿನ ಮೇಲೆ ಕೂತರು. ಕೈಯ ಮಸಿಯನ್ನು ಪಂಚೆಗೆ ಒರೆಸಿಕೊಂಡರು. ಆಮೇಲೆ ಈ ಸಲ ತೀರ ಸಣ್ಣಗೆ ಹೇಳಿದರು: "ತರಿ ಸತ್ತಂ ಇನ್ನೂ ನೆಪ್ಪೈತೆ. ಈ ವಂಡಿ ಸತ್ತಂ ನೆಪ್ಪೈತೆ. ನಿನ್ನ ದನಿ ಹೆಂಗಿತ್ತು ಅನ್ನೋದು ಮರೆತೋಯ್ತು. ಎಷ್ಟು ನೆನಸಿಕೊಂಡ್ರೂ ಬರಲ್ಲ."

ಸತ್ತಂ ಎಂದರೆ ತಮಿಳಿನಲ್ಲಿ ಸದ್ದು. ಆ ಪದವನ್ನು ಅವರ ಬಾಯಲ್ಲಿ ದಿನಾ ಕೇಳಿದವಳು ನಾನು. ಆ ಹೊತ್ತು ಮಾತ್ರ ಅದು ನನ್ನ ಕನ್ನಡದ ಕಿವಿಗೆ ಬೇರೆಯಾಗಿ ಬಿತ್ತು. ಹೇಳಿದರೂ ಕೇಳದು. ಅವರ ಬೆನ್ನ ಹಿಂದೆ ಹೋಗಿ ಕೂತೆ. ಬೆನ್ನಿಗೆ ಹಣೆ ಹಚ್ಚಿ, ಬಾಯಿಗೆ ಬಂದದ್ದನ್ನೆಲ್ಲ ಮಾತಾಡಿದೆ. ಮಧ್ಯಾಹ್ನಕ್ಕೆ ಏನು ಅಡುಗೆ, ಮಗಳು ಯಾವಾಗ ಬರುತ್ತಾಳೆ, ಅಂಥವೇ. ನನ್ನ ಮಾತಿನ ಅದುರು ಅವರ ಬೆನ್ನಿಗೆ ತಗುಲಿರಬೇಕು. ಅಲುಗಾಡದೆ ಕೂತಿದ್ದರು. ಮುಗಿದ ಮೇಲೆ, "ಸರಿ, ಕಿಕ್ ಹೊಡೀತೀನಿ," ಎಂದು ಎದ್ದರು.

ಈ ಸಲ ನಾನು ಎಡ ಬಲ ಎಂದು ತೀರ್ಪು ಹೇಳಲಿಲ್ಲ. ಅವರ ಹಿಂದೆ ನಿಂತು, ಎಡಗಡೆಯ ಹೊಡೆತವನ್ನು ಎಡ ಹೆಗಲ ಮೇಲೆ, ಬಲಗಡೆಯದನ್ನು ಬಲ ಹೆಗಲ ಮೇಲೆ, ಕೇಳಿದ ಹಾಗೇ ಬೆರಳಿನಿಂದ ತಟ್ಟುತ್ತಾ ಹೋದೆ. ಅಷ್ಟು ಬೇಗ ಬರುವ ಹೊಡೆತಗಳನ್ನೆಲ್ಲ ತಟ್ಟಲಾಗುವುದಿಲ್ಲ. ತಪ್ಪಿದ ಕಡೆ ಮಾತ್ರ ಬೆರಳು ತಡೆಯುತ್ತಿದ್ದೆ. ತಡೆದಾಗ ಅವರು ಸ್ಕ್ರೂ ಕಾಲುಸುತ್ತು ತಿರುಗಿಸುತ್ತಿದ್ದರು. ಹೀಗೇ ನಡೆಯುತ್ತಾ ಒಂದು ಸಲ ಬೆರಳು ತಡೆಯಲೇ ಇಲ್ಲ. ಬಂಡಿ ಒಂದೇ ಉಸಿರಿನಲ್ಲಿ ಗುರುಗುಟ್ಟುತ್ತಿತ್ತು. ಅವರು ಕಣ್ಣು ಮುಚ್ಚಿಕೊಂಡರು. ನಾನು ಸುಮ್ಮನೆ ತಟ್ಟುತ್ತಲೇ ಇದ್ದೆ.

ಆ ವಾರವೇ ಸಿರುಮುಗೈಗೆ ಹೊರಟೆವು. ನನಗೆ ಹೆದರಿಕೆಯಿತ್ತು, ಅದನ್ನು ಮುಚ್ಚಿಡುವುದಿಲ್ಲ. ಹಿಂದಿನಿಂದ ಬರುವ ಬಸ್ಸು ಲಾರಿಗಳ ಹಾರನ್ನು ಅವರಿಗೆ ಕೇಳದು. ಹ್ಯಾಂಡಲ್ಲಿನ ಎರಡೂ ಕಡೆ ದೊಡ್ಡ ಕನ್ನಡಿ ಹಾಕಿಸಿದ್ದರು. ನಾನು ಹಿಂದೆ ಕೂತು, ಗಾಡಿ ಹತ್ತಿರವಾದಾಗ ಅದು ಬರುವ ಕಡೆಯ ಹೆಗಲನ್ನು ಒತ್ತುತ್ತಿದ್ದೆ. ಕರುಮತ್ತಂಪಟ್ಟಿ ದಾಟಿ ಅನ್ನೂರಿನ ಕಡೆ ತಿರುಗಿದ ಮೇಲೆ ದಟ್ಟಣೆ ಕಡಿಮೆಯಾಯಿತು. ಗಾಳಿಯಲ್ಲಿ ಅವರು ಏನೋ ಗುನುಗುತ್ತಿದ್ದರು, ರಾಗವಿಲ್ಲದೆ.

ತಂಗಿ ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತಿದ್ದಳು. ಬಂಡಿಯ ಸದ್ದಿಗೇ ಗುರುತು ಹಿಡಿದು, "ಅಣ್ಣಾ!" ಎಂದು ಎದ್ದು ಬಂದಳು. "ಅಣ್ಣ ಬಂದ್ನಾ ಅತ್ತಿಗೆ, ವಂಡೀಲೇ ಬಂದ್ನಾ?" ಎಂದು ನನ್ನ ಕೈ ಹಿಡಿದಳು.

ನೀರು ಕುಡಿಯುವ ಮೊದಲೇ ಅವರು ಹೇಳಿಬಿಟ್ಟರು. ಮನೆಯೆಲ್ಲ ಕೇಳುವಷ್ಟು ದೊಡ್ಡ ದನಿ. "ಅಪ್ಪನ ತರಿ ಎಲ್ಲಾ ಕೊಟ್ಬಿಟ್ಟೆ ಕಣಮ್ಮಾ. ಹಳೆ ಇರುಂಬಿಗೆ, ಕಬ್ಬಿಣಕ್ಕೆ ಕೊಟ್ಟೆ. ಒಂದೂ ಇಲ್ಲ."

ತಂಗಿಯ ಮುಖ ಬಿಳುಪೇರಿತು. "ಒಂದನ್ನಾದ್ರೂ ಇಟ್ಕೋಬಾರ್ದಾಗಿತ್ತಾ ಅಣ್ಣಾ? ಅಪ್ಪ ಕಡೇಲಿ ನೇಯ್ದಿದ್ದು ಒಂದನ್ನಾದ್ರೂ?" ಎಂದಳು. ಕೇಳುವುದಿಲ್ಲವೆಂದು ತಿಳಿದಿದ್ದೂ ಮತ್ತೆ ಮತ್ತೆ ಅದನ್ನೇ ಕೇಳಿದಳು. ಅವರು ಅವಳ ತುಟಿಯನ್ನೇ ನೋಡುತ್ತಾ ನಿಂತಿದ್ದರು. ನಾನು ಸನ್ನೆ ಮಾಡಲು ಹೋದೆ. ಅವರು ಕೈಯೆತ್ತಿ ಬೇಡವೆಂದರು.

"ಏನು ಕೇಳ್ತಾ ಇದ್ದೀಯ, ಗೊತ್ತಮ್ಮಾ," ಎಂದರು. "ನಂಗೇ ಅದನ್ನ ಓಡಿಸೋಕೆ ಆಗ್ಲಿಲ್ಲ."

ತಂಗಿ ಅವರ ಎದೆಗೆ ತಲೆಯಿಟ್ಟು ಜೋರಾಗಿ ಅತ್ತಳು. ಅವರು ಅವಳ ತಲೆಯ ಮೇಲೆ ಕೈಯಿಟ್ಟುಕೊಂಡು, ಅಳು ನಿಲ್ಲುವವರೆಗೆ ಹಾಗೇ ನಿಂತಿದ್ದರು. ಆಮೇಲೆ ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ಅಣ್ಣನ ಅಂಗಿಯ ತೋಳಿನ ಎಣ್ಣೆ ಕಲೆ ನೋಡಿ, "ಇದೇನಿದು, ಬಿಚ್ಚಿಕೊಡು, ಒಗೆದು ಹಾಕ್ತೀನಿ," ಎಂದಳು. ಆ ಮಾತು ಅವರಿಗೆ ತುಟಿಯಲ್ಲೇ ತಿಳಿಯಿತು. ಗುಂಡಿ ಬಿಚ್ಚತೊಡಗಿದರು.

ಆ ದಿನ ಅಲ್ಲೇ ಉಳಿದೆವು. ಸಂಜೆ ಮೂವರೂ ಭವಾನಿ ಹೊಳೆಯ ದಡಕ್ಕೆ ಹೋಗಿ ಕೂತೆವು. ಅಣ್ಣ ತಂಗಿ ಅಪ್ಪನ ಬಗ್ಗೆ ಮಾತಾಡಿಕೊಂಡರು. ಅವಳು ಕೇಳಿದ್ದು ಒಂದು, ಇವರು ಹೇಳಿದ್ದು ಇನ್ನೊಂದು. ಆದರೂ ಇಬ್ಬರಲ್ಲಿ ಯಾರೂ ನಿಲ್ಲಿಸಲಿಲ್ಲ.