ಕೆಸರಿನ ಮೇಲಿನವು, ಕೆಸರಿನೊಳಗಿನವು

ಆ ದಿನ ಮಳೆ ಬರುತ್ತಿತ್ತು ಎಂದು ಬರೆದು ಹೊಡೆದುಹಾಕಿದ್ದೇನೆ. ಕೊಚ್ಚಿಯ ನೆನಪುಗಳಿಗೆಲ್ಲ ಮಳೆ ತಾನಾಗಿ ಬಂದು ಸೇರಿಕೊಳ್ಳುತ್ತದೆ. ಅದನ್ನು ನಾನು ನಂಬುವುದಿಲ್ಲ. ಖಚಿತವಾಗಿ ಇದ್ದದ್ದು ಕಂಪ್ಯೂಟರಿನ ಪರದೆಯ ಮೇಲೊಂದು ಗೆರೆ, ಗೆರೆಯಲ್ಲೊಂದು ತಗ್ಗು. ನನ್ನ ಪಿಎಚ್‌ಡಿ ನಿಂತಿದ್ದು ಆ ತಗ್ಗಿನ ಮೇಲೆ.

ಎರಡು ಸಾವಿರದ ದಶಕದ ನಡುವಿನ ವರ್ಷಗಳು. ಅರಬ್ಬೀ ಸಮುದ್ರದ ತಳದಿಂದ ಕೊಳವೆಯಲ್ಲಿ ತೆಗೆದ ಕೆಸರನ್ನು ಜರಡಿಯಲ್ಲಿ ತೊಳೆದು, ಫೊರಾಮಿನಿಫೆರಾ ಎಂಬ ಏಕಕೋಶ ಜೀವಿಗಳ ಚಿಪ್ಪುಗಳನ್ನು ಒದ್ದೆ ಕುಂಚದ ತುದಿಯಿಂದ ಒಂದೊಂದಾಗಿ ಹೆಕ್ಕುವುದು ನನ್ನ ಕೆಲಸ. ಸೂಕ್ಷ್ಮದರ್ಶಕದ ಮುಂದೆ ಫ್ಯಾನ್ ಹಾಕುವಂತಿಲ್ಲ, ಚಿಪ್ಪು ಹಾರಿಹೋಗುತ್ತದೆ. ಅವುಗಳಲ್ಲಿ ಭಾರದ ಇಂಗಾಲ ಎಷ್ಟು, ಹಗುರದ್ದು ಎಷ್ಟು ಎಂದು ಅಳೆದರೆ ಆ ಪದರದ ಕೆಸರು ಕೂತ ಕಾಲದಲ್ಲಿ ಆಳದ ನೀರು ಹೇಗೆ ಹರಿಯುತ್ತಿತ್ತು ಎಂದು ಊಹಿಸಬಹುದು. ತಗ್ಗು ಎಂದರೆ ಹರಿವು ಕುಂದಿತ್ತು.

ಆದರೆ ತಗ್ಗು ಬಿದ್ದ ಪದರಗಳಲ್ಲಿ, ಕೆಸರಿನ ಮೇಲೆ ಬದುಕುತ್ತ ಸಮುದ್ರದ ನೀರಿನ ಇಂಗಾಲವನ್ನೇ ಹಿಡಿದಿಡುವ ಜಾತಿ ಸಾಕಷ್ಟು ಸಿಕ್ಕಿರಲಿಲ್ಲ. ನನಗಿಂತ ಮುಂಚೆ ಹೆಕ್ಕಿದವರು, ಲ್ಯಾಬಿನ ರೂಢಿಯಂತೆ, ಕೆಸರಿನೊಳಗೆ ಹುದುಗಿ ಬದುಕುವ ಇನ್ನೊಂದು ಜಾತಿಯನ್ನು ಅಳೆಸಿ, ಬಂದ ಅಂಕಿಗೆ ಒಂದು ಸ್ಥಿರ ತಿದ್ದುಪಡಿ ಕೂಡಿಸಿದ್ದರು. ಚಿಪ್ಪಿನ ಆಮ್ಲಜನಕವನ್ನು ಅಳೆಯುವಾಗ ಇದು ನಡೆಯುತ್ತದೆ. ಇಂಗಾಲಕ್ಕೆ ನಡೆಯದು. ಕೆಸರಿನೊಳಗೆ ಕೊಳೆಯುವುದೆಲ್ಲ ಹಗುರದ ಇಂಗಾಲವನ್ನೇ ಬಿಡುತ್ತದೆ, ಕೊಳೆಯುವ ಪ್ರಮಾಣವೋ ಕಾಲಕ್ಕೊಂದು ತರಹ.

ನನ್ನ ಗೈಡ್ ಕಾಸರಗೋಡಿನವರು. ರೇಗಿದಾಗ ಮಾತ್ರ ಕನ್ನಡ. ಮೇಲಿನ ಜಾತಿಯನ್ನೇ ಹುಡುಕಿ ಮತ್ತೆ ಅಳೆಸುತ್ತೇನೆ ಎಂದಾಗ ರೇಗಿದರು.

"ಎಂತ ಮಾರಾಯ್ತಿ, ಮದುವೆ ಮುಗಿದ ಮೇಲೆ ಜಾತಕ ನೋಡ್ತೀಯಾ?"

"ತಗ್ಗು ಸಮುದ್ರದ್ದೋ ಬರೀ ಕೆಸರಿಂದೋ ಗೊತ್ತಾಗ್ಬೇಕಲ್ಲ ಸರ್."

"ಅದು ಹೋದ್ರೆ ನಿನ್ನ ಥೀಸಿಸ್‌ನಲ್ಲಿ ಎಂತ ಉಂಟು?"

"ಗೆರೆ ಇರುತ್ತೆ."

"ಗೆರೆಗೆ ಡಿಗ್ರಿ ಕೊಡ್ತಾರಾ? ಹೋಗು. ಬರುವಾಗ ಅಳ್ತಾ ಬರ್ಬೇಡ."

ಕೊಳವೆಯನ್ನು ಉದ್ದಕ್ಕೆ ಸೀಳಿ ಕಾದಿಟ್ಟ ಇನ್ನೊಂದರ್ಧ ತಿರುವನಂತಪುರದ ಶೀತಕೋಣೆಯೊಂದರಲ್ಲಿತ್ತು. ರೈಲು ಹತ್ತಿದೆ. ಅಲ್ಲಿಯ ಕೆಸರಿನಲ್ಲೂ ಮೇಲಿನ ಜಾತಿ ಅಪರೂಪವೇ. ಒಂದು ತಟ್ಟೆಯಲ್ಲಿ ಸಿಗದಿದ್ದರೆ ಇನ್ನೊಂದು. ಜರಡಿ ಮುಗಿದರೆ ಮತ್ತಷ್ಟು ಕೆಸರು. ಅಲ್ಲಿಯ ಲ್ಯಾಬಿನಲ್ಲೂ ಫ್ಯಾನ್ ಹಾಕದೆ, ಉಸಿರು ಬಿಗಿಹಿಡಿದು ಹೆಕ್ಕುವಾಗ ಬೆವರು ಕಣ್ಣಿಗಿಳಿಯುತ್ತಿತ್ತು. ಪಕ್ಕದ ಮೇಜಿನಲ್ಲಿ ಕೆಲಸ ಮಾಡುತ್ತಿದ್ದ ಚೇಚಿ, ಅಂದರೆ ಅಕ್ಕ, ನಗುತ್ತ, "ಶ್ವಾಸಂ ವಿಡು ಮೋಳೇ," ಎನ್ನುತ್ತಿದ್ದಳು, ಉಸಿರು ಬಿಡೇ ಹುಡುಗಿ ಎಂದು. ಎಷ್ಟು ದಿನ ಕೂತೆನೋ, ನೆನಪು ಹೇಳುವ ಲೆಕ್ಕ ನನಗೆ ಬೇಡ. ಪ್ರತಿ ಪದರಕ್ಕೂ ಅಳತೆಗೆ ಸಾಕಾಗುವಷ್ಟು ಹೆಕ್ಕಿಯೇ ಎದ್ದೆ.

ಹೊಸ ಅಂಕಿಗಳು ಬಂದ ಮೇಲೆ ಕೊಚ್ಚಿಯಲ್ಲಿ ಗೆರೆಯನ್ನು ಮತ್ತೆ ಎಳೆದೆವು. ತಗ್ಗು ಪೂರ್ತಿ ಹೋಗಿರಲಿಲ್ಲ. ಬಹುಪಾಲು ಕೆಸರಿನದೇ ಆಗಿತ್ತು; ಕಣ್ಣು ಕಿರಿದು ಮಾಡಿ ನೋಡಿದರೆ ಮಾತ್ರ ಕಾಣುವಷ್ಟು ಉಳಿದಿತ್ತು.

"ಇನ್ನೆಂತ ಮಾಡುದು?" ಎಂದರು ಗೈಡ್.

"ಆಚೀಚೆಯ ಪದರಗಳನ್ನೂ ಹೆಕ್ತೀನಿ ಸರ್. ಒಂದೇ ಜಾತಿ. ಕೊನೇವರೆಗೂ."

ಅವರು ಎದ್ದು ಹೋಗಿ ಫ್ಯಾನ್ ಆರಿಸಿದರು. ಅಥವಾ ನಾನೇ ಆರಿಸಿದೆನೋ, ಈಗ ಆಣೆ ಮಾಡಲಾರೆ. ಫ್ಯಾನ್ ನಿಂತದ್ದು ನಿಜ. ಕುಂಚ ಒದ್ದೆ ಮಾಡಿಕೊಂಡೆ.